ಡೇಟಾ ತರೋದು ಕಲಿಸಿದ್ರಿ, ಬರದಿದ್ದಾಗ ಏನು ಮಾಡ್ಬೇಕು ಅನ್ನೋದನ್ನೂ ಕಲಿಸಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಜಾವಾಸ್ಕ್ರಿಪ್ಟ್ ಬಗ್ಗೆ ಬರ್ತಿರೋ ಲೇಖನಗಳನ್ನ ನಾನು ತಪ್ಪದೆ ಓದ್ತೀನಿ, ಕನ್ನಡದಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಇಷ್ಟು ಸಲೀಸಾಗಿ ಬರೆಯೋರು ಕಮ್ಮಿ, ಅದಕ್ಕೆ ಮೊದಲು ನಿಮಗೂ ಬರೆದವರಿಗೂ ಧನ್ಯವಾದ. ಈಚಿನ ಕಂತಿನಲ್ಲಿ ಫೆಚ್ ಅನ್ನೋ ಫಂಕ್ಷನ್ ಬಳಸಿ ಒಂದು ವೆಬ್ ವಿಳಾಸದಿಂದ ಡೇಟಾ ತರೋದು ಹೇಗೆ ಅಂತ ತೋರಿಸಿದ್ರಿ. ಎರಡೇ ಸಾಲು, ವಿಳಾಸ ಕೊಟ್ಟು ಫೆಚ್ ಮಾಡಿ, ಬಂದಿದ್ದನ್ನ ಜೇಸನ್ (ಡೇಟಾ ಬರೆದಿಡೋ ಒಂದು ರೂಪ) ಆಗಿ ಓದಿ, ಮುಗೀತು ಅಂತ. ಓದಿ ನನಗೆ ಅನ್ನಿಸಿದ್ದು, ಲೇಖನ ಎಲ್ಲಿ ಮುಗೀತೋ ನಿಜವಾದ ಕೆಲಸ ಅಲ್ಲಿಂದ್ಲೇ ಶುರುವಾಗೋದು. ಆ ಎರಡು ಸಾಲನ್ನ ಹೊಸಬರು ಹಾಗೇ ಕಾಪಿ ಮಾಡ್ತಾರೆ, ಅದು ಹಾಗೇ ನಿಜವಾದ ವೆಬ್‌ಸೈಟ್‌ಗಳಿಗೆ ಹೋಗಿ ಕೂತ್ಕೊಳ್ಳತ್ತೆ, ಆಮೇಲೆ ಅದನ್ನ ಬಳಸೋ ಜನ ತಿರುಗ್ತಾನೇ ಇರೋ ಚಕ್ರ ನೋಡ್ತಾ ಕೂರ್ತಾರೆ, ಇಲ್ಲಾ ಅರ್ಜಿ ಸಲ್ಲಿಕೆ ಆಯ್ತು ಅಂತ ನಂಬಿ ಮನೆಗೆ ಹೋಗ್ತಾರೆ, ಆದ್ರೆ ಅರ್ಜಿ ಸರ್ವರ್‌ನಲ್ಲಿ ಇರೋದೇ ಇಲ್ಲ. ಇದು ಬರೀ ಕೋಡ್ ಬರೆಯೋರ ವಿಷ್ಯ ಅಲ್ಲ, ಅದಕ್ಕೇ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಹಾಕಿ.

ಮೊದಲು ಎಲ್ಲಕ್ಕಿಂತ ದೊಡ್ಡದನ್ನ ಹೇಳ್ತೀನಿ. ಫೆಚ್ ಒಂದು ಪ್ರಾಮಿಸ್, ಅಂದ್ರೆ ಉತ್ತರ ಆಮೇಲೆ ಕೊಡ್ತೀನಿ ಅನ್ನೋ ಮಾತು ಕೊಡತ್ತೆ, ಕೆಲಸ ಆದ್ರೆ ಅದು ಈಡೇರತ್ತೆ, ಆಗದಿದ್ರೆ ರಿಜೆಕ್ಟ್ ಆಗತ್ತೆ ಅಂತ ನಿಮ್ಮ ಲೇಖನದಲ್ಲಿ ಇತ್ತು. ಅದನ್ನ ಓದಿದ ಯಾರಿಗೇ ಆದ್ರೂ ಪುಟ ಸಿಗಲಿಲ್ಲ ಅಂದ್ರೆ, ಅಂದ್ರೆ 404 ಬಂದ್ರೆ, ಪ್ರಾಮಿಸ್ ರಿಜೆಕ್ಟ್ ಆಗತ್ತೆ ಎರರ್ ಹಿಡಿಯೋ ಕ್ಯಾಚ್‌ಗೆ ಬೀಳತ್ತೆ ಅಂತಲೇ ಅನ್ಸತ್ತೆ. ಆಗಲ್ಲ. 404 ಬಂದ್ರೂ, ಸರ್ವರ್ ಒಳಗೇ ಏನೋ ಮುರಿದು 500 ಬಂದ್ರೂ, ಲಾಗಿನ್ ಆಗಿಲ್ಲ ಅಂತ 401 ಬಂದ್ರೂ ಫೆಚ್‌ನ ಲೆಕ್ಕದಲ್ಲಿ ಅದು ಸೋಲಲ್ಲ. ಅಂಚೆಯವನು ಕಾಗದ ತಂದು ಕೈಗೆ ಕೊಟ್ಟ ಅಂದ್ರೆ ಅವನ ಕೆಲಸ ಆಯ್ತು, ಒಳಗಡೆ ಇರೋ ಸುದ್ದಿ ಒಳ್ಳೇದೋ ಕೆಟ್ಟದೋ ಒಡೆದು ಓದ್ಬೇಕಾದವರು ನಾವು. ಫೆಚ್ ರಿಜೆಕ್ಟ್ ಆಗೋದು ಉತ್ತರವೇ ಬರದಿದ್ದಾಗ, ನೆಟ್ ಇಲ್ದಿದ್ದಾಗ, ಆ ಹೆಸರಿನ ಸರ್ವರೇ ಸಿಗದಿದ್ದಾಗ, ಬ್ರೌಸರ್ ನಡುವೆ ತಡೆದಾಗ, ನಾವೇ ರದ್ದು ಮಾಡಿದಾಗ. ಹಂಗಾಗಿ ರೆಸ್ಪಾನ್ಸ್ ಬಂದ ತಕ್ಷಣ ಅದರ ಓಕೆ ಅನ್ನೋ ಗುಣ ನೋಡ್ಲೇಬೇಕು. ಸ್ಟೇಟಸ್ ಸಂಖ್ಯೆ 200ರಿಂದ 299ರ ಒಳಗಿದ್ರೆ ಅದು ಟ್ರೂ, ಇಲ್ಲಾಂದ್ರೆ ಫಾಲ್ಸ್. ಫಾಲ್ಸ್ ಇದ್ರೆ ನಾವೇ ಎರರ್ ಎಸೀಬೇಕು. ಒಂದೇ ಒಂದು ಇಫ್ ಸಾಲು. ಆ ಒಂದು ಸಾಲು ಇಲ್ದೇ ಇರೋದ್ರಿಂದ ಸರ್ವರ್ ಬಿದ್ದು 500 ಕಳಿಸ್ತಿದ್ರೂ ಪರದೆ ಮೇಲೆ ಹಸಿರು ಬಣ್ಣದಲ್ಲಿ "ಯಶಸ್ವಿಯಾಗಿ ಸಲ್ಲಿಸಲಾಗಿದೆ" ಅಂತ ಬರತ್ತೆ.

ಇನ್ನೊಂದು ಕಡೆ ಇದೇ ತಪ್ಪು ಬೇರೆ ವೇಷದಲ್ಲಿ ಬರತ್ತೆ. ಓಕೆ ನೋಡದೆ ನೇರ ಜೇಸನ್ ಮಾಡೋಕೆ ಹೋದ್ರೆ, ಸರ್ವರ್ ಕಳಿಸಿರೋದು ಎಚ್‌ಟಿಎಂಎಲ್‌ನಲ್ಲಿರೋ ಎರರ್ ಪುಟ ಆಗಿದ್ರೆ, ಅದರ ಮೊದಲನೇ ಅಕ್ಷರ ಕೋನದ ಬ್ರಾಕೆಟ್ ಆಗಿರತ್ತೆ, ಜೇಸನ್ ಓದೋ ಭಾಗ ಅದನ್ನ ನೋಡಿ ಅನ್‌ಎಕ್ಸ್‌ಪೆಕ್ಟೆಡ್ ಟೋಕನ್ ಅಂತ ಕಿರುಚತ್ತೆ. ಹೊಸಬರು ಅಲ್ಲಿಂದ ಜೇಸನ್‌ನಲ್ಲಿ ಏನು ತಪ್ಪಿದೆ ಅಂತ ಗಂಟೆಗಟ್ಟಲೆ ಹುಡುಕ್ತಾರೆ, ತಪ್ಪಿರೋದು ವಿಳಾಸದಲ್ಲೋ ಲಾಗಿನ್‌ನಲ್ಲೋ ಆಗಿರತ್ತೆ. ಇಂಥ ಸಮಯದಲ್ಲಿ ಬಂದಿದ್ದನ್ನ ಮೊದಲು ಟೆಕ್ಸ್ಟ್ ಆಗಿ ಓದಿ, ಏನು ಬಂದಿದೆ ಅಂತ ಕಣ್ಣಾರೆ ನೋಡಿ, ಆಮೇಲೆ ಜೇಸನ್ ಪಾರ್ಸ್ ಮಾಡೋದು ಒಳ್ಳೇದು. ಯಾಕಂದ್ರೆ ರೆಸ್ಪಾನ್ಸ್‌ನ ಒಡಲನ್ನ ಒಂದೇ ಸಲ ಓದೋಕಾಗೋದು, ಜೇಸನ್ ಅಂತ ಓದೋಕೆ ಹೋಗಿ ಸೋತ ಮೇಲೆ ಟೆಕ್ಸ್ಟ್ ಅಂತ ಮತ್ತೆ ಕೇಳಿದ್ರೆ ಆಗ್ಲೇ ಓದಿ ಆಗಿದೆ ಅಂತ ಇನ್ನೊಂದು ಎರರ್ ಬರತ್ತೆ. ಎರಡು ಸಲ ಬೇಕೇ ಬೇಕು ಅಂದ್ರೆ ಓದೋ ಮುಂಚೇನೇ ಕ್ಲೋನ್ ಮಾಡಿ ಇಟ್ಕೋಬೇಕು.

ಪ್ರಾಮಿಸ್ ಈಡೇರೋ ತನಕ ಕಾಯಿಸೋ ಅವೇಟ್ ಎರಡು ಸಲ ಯಾಕೆ ಅನ್ನೋದನ್ನೂ ಲೇಖನದಲ್ಲಿ ಬಿಟ್ಟಿದ್ರಿ, ಮಕ್ಕಳು ಅದನ್ನ ಮಂತ್ರ ಥರ ಬಾಯಿಪಾಠ ಮಾಡ್ತಾರೆ. ಮೊದಲನೇ ಅವೇಟ್ ಮುಗಿಯೋದು ಸ್ಟೇಟಸ್ಸು ಮತ್ತೆ ಹೆಡರ್‌ಗಳು, ಅಂದ್ರೆ ಉತ್ತರದ ಬಗೆಗಿನ ವಿವರಗಳು, ಬಂದಾಗ, ಅಷ್ಟೊತ್ತಿಗೆ ನಿಜವಾದ ಡೇಟಾ ಇನ್ನೂ ದಾರಿಯಲ್ಲೇ ಇರಬಹುದು. ಎರಡನೇ ಅವೇಟ್ ಆ ಡೇಟಾ ಪೂರ್ತಿ ಬಂದು ಸೇರೋ ತನಕ ಕಾಯತ್ತೆ. ಇದು ಗೊತ್ತಿದ್ರೆ ಮೊದಲನೇದು ಗೆದ್ದು ಎರಡನೇದು ಸೋಲಬಹುದು ಅನ್ನೋದು ತಾನಾಗೇ ಹೊಳೆಯತ್ತೆ, ಅರ್ಧ ಬಂದು ನೆಟ್ ಕಟ್ ಆದ್ರೆ ಆಗೋದು ಅದೇ. ಎರರ್ ಬಂದ್ರೆ ಕ್ಯಾಚ್‌ಗೆ ಕಳಿಸೋ ಟ್ರೈ ಬ್ಲಾಕ್ ಹಾಕೋವಾಗ ಎರಡೂ ಅದರ ಒಳಗೇ ಇರ್ಬೇಕು.

ಇದೆಲ್ಲ ಯಾಕೆ ಹಿಂಗಿದೆ ಅಂತ ಕೇಳೋರಿಗೆ ಸ್ವಲ್ಪ ಹಿಂದಿನ ಕಥೆ ಹೇಳಿದ್ರೆ ಅರ್ಥ ಆಗತ್ತೆ, ನಿಮ್ಮ ಓದುಗರಿಗೂ ಇಷ್ಟ ಆಗತ್ತೆ ಅನ್ಕೋತೀನಿ. ಪುಟ ಮತ್ತೆ ಲೋಡ್ ಆಗದೆ ಹಿಂದಿನಿಂದ್ಲೇ ಡೇಟಾ ತರೋ ಸೌಲಭ್ಯ ಮೊದಲು ಬಂದಿದ್ದು ಮೈಕ್ರೋಸಾಫ್ಟ್‌ನಿಂದ, ಬ್ರೌಸರ್‌ನಲ್ಲಿ ಔಟ್‌ಲುಕ್ ಮೇಲ್ ಓದೋಕೆ ಅಂತ ಮಾಡಿದ್ದು, 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಹೊರಗೆ ಬಂತು. ಮೊಜಿಲ್ಲಾದವರು ಅದನ್ನೇ ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್ ಅನ್ನೋ ಹೆಸರಲ್ಲಿ ತಮ್ಮ ಬ್ರೌಸರ್‌ಗೆ ತಂದ್ರು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದ ಮೇಲೇ ಜನಕ್ಕೆ ಇದರ ತಾಕತ್ತು ಗೊತ್ತಾಗಿದ್ದು. ಅದೇ 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಇದಕ್ಕೆ ಅಜಾಕ್ಸ್ ಅಂತ ಹೆಸರಿಟ್ರು. 2006ರಲ್ಲಿ ಜೆಕ್ವೆರಿ ಅನ್ನೋ ಲೈಬ್ರರಿ ಬಂತು, ಅದರ ಅಜಾಕ್ಸ್ ಫಂಕ್ಷನ್ ಎಷ್ಟೋ ವರ್ಷ ಎಲ್ಲರ ಕೈಯಲ್ಲೂ ಓಡಾಡ್ತು. ಅದು 404 ಬಂದ್ರೆ ತಾನೇ ಎರರ್ ಅಂತ ಹೇಳ್ತಿತ್ತು, ಈಗ್ಲೂ ತುಂಬ ಜನ ಬಳಸೋ ಆಕ್ಸಿಯೋಸ್ ಲೈಬ್ರರಿನೂ ಹಾಗೇ ಮಾಡತ್ತೆ. ಫೆಚ್ ಬ್ರೌಸರ್‌ಗಳಿಗೆ ಬರೋಕೆ ಶುರುವಾಗಿದ್ದು 2015ರಲ್ಲಿ, ಕ್ರೋಮ್ ಮತ್ತೆ ಫೈರ್‌ಫಾಕ್ಸ್‌ನಲ್ಲಿ ಮೊದಲು, ಸಫಾರಿಯಲ್ಲಿ 2017ಕ್ಕೆ. ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸೋ ನೋಡ್ ಜೆಎಸ್‌ನಲ್ಲಿ ಬೇರೆ ಪ್ಯಾಕೇಜ್ ಹಾಕ್ದೇ ಫೆಚ್ ಸಿಗೋಕೆ 2022ರ 18ನೇ ಆವೃತ್ತಿ ಬರಬೇಕಾಯ್ತು. ಹಳೇ ಲೈಬ್ರರಿಯ ಅಭ್ಯಾಸ ಇಟ್ಕೊಂಡು ಹೊಸ ಫೆಚ್‌ಗೆ ಬಂದವರು ಈ ಓಕೆ ವಿಷಯದಲ್ಲೇ ಎಡವಿದ್ದು, ಅವರು ಕಲಿಸಿದವರೂ ಅಲ್ಲೇ ಎಡವ್ತಿದಾರೆ. ಫೆಚ್‌ನಲ್ಲಿ ದೋಷ ಇದೆ ಅಂತ ನಾನು ಹೇಳ್ತಿಲ್ಲ. 404 ಅನ್ನೋದೂ ಸರ್ವರ್ ಕೊಟ್ಟ ಒಂದು ಉತ್ತರವೇ, ಕೆಲವೊಮ್ಮೆ ಆ ಉತ್ತರವೇ ನಮಗೆ ಬೇಕಾಗಿರತ್ತೆ, ಈ ಹೆಸರಿನ ಬಳಕೆದಾರ ಇದಾನಾ ಇಲ್ವಾ ಅಂತ ನೋಡೋವಾಗ 404 ಬಂದ್ರೆ ಅದು ಮಾಹಿತಿ. ಆದ್ರೆ ಅದನ್ನ ಹೇಳಿಕೊಡಬೇಕಲ್ಲ.

ಇನ್ನು ಕಾಯೋ ವಿಷ್ಯ. ಫೆಚ್‌ಗೆ ಇಷ್ಟು ಹೊತ್ತು ಕಾದು ಸಾಕು ಮಾಡು ಅಂತ ಹೇಳೋ ಟೈಮ್‌ಔಟ್ ಆಯ್ಕೆ ಇಲ್ಲ. ಹಳೇ ಎಕ್ಸ್‌ಎಂಎಲ್ ಎಚ್‌ಟಿಟಿಪಿ ರಿಕ್ವೆಸ್ಟ್‌ನಲ್ಲಿ ಟೈಮ್‌ಔಟ್ ಅನ್ನೋ ಗುಣ ಇತ್ತು, ಇದರಲ್ಲಿಲ್ಲ. ಬ್ರೌಸರ್‌ಗೆ ತನ್ನದೇ ಮಿತಿ ಇರತ್ತೆ, ಆದ್ರೆ ಅದು ನಿಮಿಷಗಳ ಲೆಕ್ಕ, ಒಂದೊಂದು ಬ್ರೌಸರ್‌ನಲ್ಲಿ ಒಂದೊಂದು ಥರ, ಅಷ್ಟೊತ್ತು ಯಾರು ಕಾಯ್ತಾರೆ. ಒಳ್ಳೇ ವೈಫೈನಲ್ಲಿ ಕೂತು ಕೋಡ್ ಬರೆಯೋರಿಗೆ ಇದು ಕಾಣೋದೇ ಇಲ್ಲ, ಓಡಾಡ್ತಾ ಇರೋ ಗಾಡಿಯಲ್ಲಿ ಅರೆಬರೆ ಸಿಗ್ನಲ್‌ನಲ್ಲಿ ಫೋನ್ ಹಿಡಿದವರಿಗೆ ಮಾತ್ರ ಕಾಣತ್ತೆ. ಇದಕ್ಕೆ ಉಪಾಯ ಇದೆ, ಅಬಾರ್ಟ್ ಕಂಟ್ರೋಲರ್ ಅಂತ. ಅದರಿಂದ ಒಂದು ಸಿಗ್ನಲ್ ತಗೊಂಡು ಫೆಚ್‌ಗೆ ಕೊಟ್ರೆ ಬೇಕಾದಾಗ ನಿಲ್ಲಿಸಬಹುದು. ಹೊಸ ಬ್ರೌಸರ್‌ಗಳಲ್ಲಿ ಇನ್ನೂ ಸುಲಭ, ಅಬಾರ್ಟ್ ಸಿಗ್ನಲ್ ಡಾಟ್ ಟೈಮ್‌ಔಟ್ ಅಂತ ಬರೆದು ಎಷ್ಟು ಮಿಲಿಸೆಕೆಂಡ್ ಅಂತ ಹೇಳಿದ್ರೆ ಸಾಕು, 10 ಸೆಕೆಂಡ್ ಬೇಕು ಅಂದ್ರೆ 10000 ಅಂತ ಕೊಡೋದು, ಅಷ್ಟೇ. ಅದು ಹೆಡರ್‌ಗೆ ಮಾತ್ರ ಅಲ್ಲ ಒಡಲು ಓದೋ ಹೊತ್ತಿಗೂ ಸೇರಿ ಅನ್ವಯ ಆಗತ್ತೆ. ಸೆಟ್ ಟೈಮ್‌ಔಟ್ ಹಾಕಿ ಮೊದಲನೇ ಅವೇಟ್ ಆದ ಕೂಡ್ಲೇ ಅದನ್ನ ಕ್ಲಿಯರ್ ಮಾಡೋ ಕೋಡ್ ತುಂಬ ಕಡೆ ಕಾಣತ್ತೆ, ಅಲ್ಲಿ ಡೇಟಾ ಅರ್ಧಕ್ಕೆ ನಿಂತ್ರೆ ಚಕ್ರ ತಿರುಗ್ತಾನೇ ಇರತ್ತೆ. ಟೈಮ್ ಆಗಿ ನಿಂತ್ರೆ ಬರೋ ಎರರ್‌ನ ಹೆಸರು ಟೈಮ್‌ಔಟ್ ಎರರ್, ನಾವೇ ರದ್ದು ಮಾಡಿದ್ರೆ ಅಬಾರ್ಟ್ ಎರರ್, ಎರಡಕ್ಕೂ ಬೇರೆ ಬೇರೆ ಮಾತು ತೋರಿಸಬೇಕು. ಬಳಕೆದಾರ ತಾನೇ ಬೇಡ ಅಂತ ಒತ್ತಿದಾಗ ಕೆಂಪು ಬಣ್ಣದಲ್ಲಿ ತಪ್ಪಾಗಿದೆ ಅಂತ ಹೇಳೋದು ಸರಿಯಲ್ಲ.

ಇದೇ ಅಬಾರ್ಟ್ ಇನ್ನೊಂದು ಕಡೆ ತುಂಬ ಬೇಕಾಗತ್ತೆ, ಹುಡುಕೋ ಪೆಟ್ಟಿಗೆಯಲ್ಲಿ. ಜನ ಒಂದೊಂದೇ ಅಕ್ಷರ ಟೈಪ್ ಮಾಡ್ತಾ ಹೋದಂಗೆ ಒಂದೊಂದು ರಿಕ್ವೆಸ್ಟ್ ಹೋಗತ್ತೆ, ಹೋದ ಕ್ರಮದಲ್ಲೇ ಉತ್ತರ ಬರತ್ತೆ ಅನ್ನೋಕೆ ಯಾವ ಗ್ಯಾರಂಟಿನೂ ಇಲ್ಲ. ಮೊದಲು ಕೇಳಿದ್ದರ ಉತ್ತರ ಕೊನೆಗೆ ಬಂದು ಪರದೆ ಮೇಲೆ ಕೂತ್ಕೊಂಡ್ರೆ ಪೆಟ್ಟಿಗೆಯಲ್ಲಿ ಒಂದು ಪದ, ಕೆಳಗಡೆ ಇನ್ಯಾವುದೋ ಪದದ ಫಲಿತಾಂಶ. ಹೊಸ ರಿಕ್ವೆಸ್ಟ್ ಕಳಿಸೋ ಮುಂಚೆ ಹಳೇದನ್ನ ಅಬಾರ್ಟ್ ಮಾಡಿದ್ರೆ ಈ ಗೋಜಲು ಇರಲ್ಲ.

ಈಗ ನನ್ನ ಮನಸ್ಸಿಗೆ ಅತಿ ಹತ್ತಿರದ ವಿಷ್ಯಕ್ಕೆ ಬರ್ತೀನಿ, ಕಳಿಸೋ ರಿಕ್ವೆಸ್ಟು. ನಿಮ್ಮ ಲೇಖನದ ಕೊನೆಗೆ ನೆಟ್ ಕೈಕೊಟ್ರೆ ಮತ್ತೆ ಮೂರು ಸಲ ಪ್ರಯತ್ನಿಸೋ ಹಾಗೆ ಕೋಡ್ ಬರೆದುಕೊಳ್ಳಿ ಅಂತ ಒಂದು ಸಲಹೆ ಇತ್ತು. ಡೇಟಾ ತರೋ ಗೆಟ್ ರಿಕ್ವೆಸ್ಟ್‌ಗೆ ಇದು ಸರಿ, ಎಷ್ಟು ಸಲ ಕೇಳಿದ್ರೂ ಸರ್ವರ್‌ನಲ್ಲಿ ಏನೂ ಬದಲಾಗಲ್ಲ. ಆದ್ರೆ ಡೇಟಾ ಕಳಿಸೋ ಪೋಸ್ಟ್‌ಗೆ ಇದನ್ನ ಹಾಗೇ ಹಾಕಿದ್ರೆ ಅನಾಹುತ. ಟೈಮ್‌ಔಟ್ ಆಯ್ತು ಅಂದ್ರೆ ಕೆಲಸ ಆಗಲಿಲ್ಲ ಅಂತ ಅರ್ಥ ಅಲ್ಲ, ಉತ್ತರ ನಮಗೆ ತಲುಪಲಿಲ್ಲ ಅಂತ ಮಾತ್ರ ಅರ್ಥ. ರಿಕ್ವೆಸ್ಟ್ ಸರ್ವರ್‌ಗೆ ಹೋಗಿ ದುಡ್ಡು ಕಟ್ ಆಗಿ ಬುಕಿಂಗ್ ಆಗಿ, ವಾಪಸ್ ಬರೋ ದಾರಿಯಲ್ಲಿ ಮಾತ್ರ ಸಂಪರ್ಕ ಹೋಗಿರಬಹುದು. ಆಗ ಕೋಡ್ ತಾನಾಗೇ ಮತ್ತೆ ಕಳಿಸಿದ್ರೆ ಎರಡು ಬುಕಿಂಗು, ಎರಡು ಸಲ ಪಾವತಿ. ಎಚ್‌ಟಿಟಿಪಿ ಮಾನದಂಡದಲ್ಲೇ ಗೆಟ್, ಪುಟ್, ಡಿಲೀಟ್ ಇವನ್ನ ಮತ್ತೆ ಮತ್ತೆ ಕಳಿಸಿದ್ರೂ ಒಂದೇ ಸಲ ಕಳಿಸಿದ ಪರಿಣಾಮ ಇರ್ಬೇಕು ಅಂತ ಹೇಳಿದಾರೆ, ಪೋಸ್ಟ್‌ಗೆ ಆ ಮಾತಿಲ್ಲ. ಹಾಗಾಗಿ ಪೋಸ್ಟ್ ಮತ್ತೆ ಕಳಿಸ್ಬೇಕು ಅಂದ್ರೆ ಪ್ರತಿ ವ್ಯವಹಾರಕ್ಕೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಬ್ರೌಸರ್‌ನಲ್ಲೇ ಮಾಡಿ ಜೊತೆಗೆ ಕಳಿಸ್ಬೇಕು, ಸರ್ವರ್ ಅದನ್ನ ನೋಡಿ ಇದು ಆಗ್ಲೇ ಆಗಿದೆ ಅಂತ ಗುರುತಿಸಿ ಹಳೇ ಉತ್ತರವನ್ನೇ ಕೊಡ್ಬೇಕು, ಎರಡೂ ಕಡೆಯವರು ಸೇರಿ ಮಾಡೋ ಕೆಲಸ ಇದು. ಬಟನ್ ಒಮ್ಮೆ ಒತ್ತಿದ ಮೇಲೆ ಉತ್ತರ ಬರೋ ತನಕ ಅದನ್ನ ಡಿಸೇಬಲ್ ಮಾಡೋದೂ ಬೇಕು, ಆದ್ರೆ ಅಷ್ಟೇ ಸಾಲಲ್ಲ, ಪುಟ ರಿಫ್ರೆಶ್ ಮಾಡೋರನ್ನ ಬಟನ್ ತಡೆಯಲ್ಲ. ಮತ್ತೆ ಪರದೆ ಮೇಲೆ ಬರೆಯೋ ಮಾತು, "ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ" ಅಂತ ಕಣ್ಣು ಮುಚ್ಚಿ ಬರೀಬಾರ್ದು. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಅಂತಲೇ ಹೇಳಿ, "ಉತ್ತರ ಬರಲಿಲ್ಲ, ನಿಮ್ಮ ಅರ್ಜಿ ಸೇರಿದೆಯಾ ಅಂತ ಇಲ್ಲಿ ನೋಡಿ" ಅಂತ ಒಂದು ಲಿಂಕ್ ಕೊಟ್ರೆ ಜನಕ್ಕೆ ಎಷ್ಟು ನೆಮ್ಮದಿ. ಪಾವತಿ ಆಯ್ತೋ ಇಲ್ವೋ ಅಂತ ಗೊತ್ತಾಗದೆ ಬೆವರೋ ಸ್ಥಿತಿ ಯಾರಿಗೂ ಬರಬಾರ್ದು, ಅದನ್ನ ತಪ್ಪಿಸೋದು ಕೋಡ್ ಬರೆಯೋರ ಕೈಯಲ್ಲೇ ಇದೆ.

ಒಂದು ತಾಣದ ಪುಟ ಇನ್ನೊಂದು ತಾಣದ ಡೇಟಾ ಓದೋಕೆ ಒಪ್ಪಿಗೆ ಕೊಡೋ ಕಾರ್ಸ್ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲು ಇತ್ತು, ಎರರ್ ಬಂದ್ರೆ ಮೋಡ್ ಅನ್ನೋ ಕಡೆ ನೋ ಕಾರ್ಸ್ ಅಂತ ಹಾಕಿ ಅಂತ. ದಯವಿಟ್ಟು ಇದಕ್ಕೊಂದು ತಿದ್ದುಪಡಿ ಹಾಕಿ. ಅದನ್ನ ಹಾಕಿದ್ರೆ ಕೆಂಪು ಎರರ್ ಹೋಗತ್ತೆ ನಿಜ, ಜೊತೆಗೆ ಡೇಟಾನೂ ಹೋಗತ್ತೆ. ಬರೋ ರೆಸ್ಪಾನ್ಸ್ ಮುಚ್ಚಿದ ಪೆಟ್ಟಿಗೆ, ಸ್ಟೇಟಸ್ 0, ಒಳಗಿನದು ಜಾವಾಸ್ಕ್ರಿಪ್ಟ್‌ಗೆ ಕಾಣಲ್ಲ. ನಡೀತಿರೋದು ಏನಂದ್ರೆ, ಒಂದು ತಾಣದ ಪುಟದಲ್ಲಿ ಓಡ್ತಿರೋ ಸ್ಕ್ರಿಪ್ಟ್ ಇನ್ನೊಂದು ತಾಣದ ಉತ್ತರವನ್ನ ಓದಬಾರ್ದು ಅನ್ನೋದು ನೆಟ್‌ಸ್ಕೇಪ್ ಕಾಲದಿಂದ್ಲೂ ಇರೋ ಕಟ್ಟುಪಾಡು. ಅದಿಲ್ಲದಿದ್ರೆ ನಾವು ಬ್ಯಾಂಕಿಗೆ ಲಾಗಿನ್ ಆಗಿರೋವಾಗ ಇನ್ನೊಂದು ಟ್ಯಾಬ್‌ನಲ್ಲಿ ತೆಗೆದ ಯಾವುದೋ ಪುಟ ನಮ್ಮ ಖಾತೆ ವಿವರ ಓದ್ಕೊಂಡು ಹೋಗಬಹುದಿತ್ತು. ಕಾರ್ಸ್ ಅನ್ನೋದು ಆ ಬಾಗಿಲನ್ನ ಒಪ್ಪಿಗೆ ಮೇಲೆ ತೆಗೆಯೋ ವ್ಯವಸ್ಥೆ, ಒಪ್ಪಿಗೆ ಕೊಡಬೇಕಾದವರು ಡೇಟಾ ಇರೋ ಸರ್ವರ್‌ನವರು, ಆಕ್ಸೆಸ್ ಕಂಟ್ರೋಲ್ ಅಲೌ ಒರಿಜಿನ್ ಅನ್ನೋ ಹೆಡರ್ ಮೂಲಕ. ನಮ್ಮ ಫೆಚ್ ಸಾಲನ್ನ ಎಷ್ಟು ತಿರುಚಿದ್ರೂ ಅವರ ಒಪ್ಪಿಗೆ ಹುಟ್ಟಲ್ಲ. ಜೇಸನ್ ಅಂತ ಕಂಟೆಂಟ್ ಟೈಪ್ ಹಾಕಿ ಪೋಸ್ಟ್ ಮಾಡಿದ್ರೆ ಬ್ರೌಸರ್ ಮೊದಲು ಆಪ್ಷನ್ಸ್ ಅನ್ನೋ ಒಂದು ಪುಟ್ಟ ರಿಕ್ವೆಸ್ಟ್ ಕಳಿಸಿ ಹೀಗೆ ಕಳಿಸಬಹುದಾ ಅಂತ ಕೇಳತ್ತೆ, ಸರ್ವರ್ ಬರೆದವರು ಅದಕ್ಕೆ ಉತ್ತರ ಕೊಡೋದು ಮರೆತಿದ್ರೆ ನಿಜವಾದ ರಿಕ್ವೆಸ್ಟ್ ಹೊರಡೋದೇ ಇಲ್ಲ. ಕುಕೀ ಜೊತೆಗೆ ಬೇರೆ ತಾಣಕ್ಕೆ ಕಳಿಸ್ಬೇಕು ಅಂದ್ರೆ ಆ ಹೆಡರ್‌ನಲ್ಲಿ ಯಾರಾದ್ರೂ ಸರಿ ಅನ್ನೋ ನಕ್ಷತ್ರ ಚಿಹ್ನೆ ಹಾಕಿದ್ರೆ ನಡೆಯಲ್ಲ, ಯಾವ ತಾಣ ಅಂತ ಸ್ಪಷ್ಟವಾಗಿ ಹೆಸರು ಹೇಳ್ಬೇಕು.

ಇನ್ನೊಂದು ಸಂಗತಿ ಹೊಸಬರನ್ನ ತುಂಬ ಸತಾಯಿಸತ್ತೆ, ಎಚ್‌ಟಿಎಂಎಲ್ ಫೈಲನ್ನ ಡಬಲ್ ಕ್ಲಿಕ್ ಮಾಡಿ ತೆಗೆದು ಅಲ್ಲಿಂದ ಫೆಚ್ ಮಾಡೋದು. ಆಗ ಪುಟಕ್ಕೆ ತಾಣ ಅನ್ನೋದೇ ಇರಲ್ಲ, ಪಕ್ಕದಲ್ಲೇ ಇರೋ ಜೇಸನ್ ಫೈಲ್ ಕೂಡ ಸಿಗಲ್ಲ, ತಾವು ಬರೆದ ಕೋಡ್ ತಪ್ಪು ಅನ್ಕೊಂಡು ಬೇಜಾರಾಗಿ ಬಿಟ್ಟೇಬಿಡ್ತಾರೆ. ತಮ್ಮ ಕಂಪ್ಯೂಟರ್‌ನಲ್ಲೇ ಒಂದು ಚಿಕ್ಕ ಸರ್ವರ್ ಓಡಿಸಿ ಅದರ ಮೂಲಕ ತೆಗೀಬೇಕು ಅನ್ನೋ ಒಂದು ವಾಕ್ಯ ಲೇಖನದಲ್ಲಿ ಇದ್ದಿದ್ರೆ ಎಷ್ಟೋ ಜನರ ಸಂಜೆ ಉಳೀತಿತ್ತು. ಮತ್ತೆ ಕಾರ್ಸ್ ತಡೆದಾಗ ಕ್ಯಾಚ್‌ಗೆ ಬರೋದು ಬರೀ ಟೈಪ್ ಎರರ್, ನೆಟ್ ಇಲ್ಲ ಅಂದ್ರೂ ಅದೇ ಟೈಪ್ ಎರರ್, ಕಾರಣ ಬರೆದಿರೋದು ಬ್ರೌಸರ್‌ನ ಡೆವಲಪರ್ ಟೂಲ್ಸ್‌ನ ಕನ್ಸೋಲ್‌ನಲ್ಲಿ ಮಾತ್ರ. ಬೇಕಂತಲೇ ಹಾಗೆ ಮಾಡಿದಾರೆ, ಇಲ್ಲಾಂದ್ರೆ ಎರರ್‌ನ ಮಾತು ನೋಡ್ಕೊಂಡೇ ಪುಟಗಳು ಬೇರೆ ಸರ್ವರ್‌ಗಳ ಗುಟ್ಟು ತಿಳ್ಕೋಬಹುದಿತ್ತು. ಹಾಗಾಗಿ ಟೈಪ್ ಎರರ್ ಬಂತು ಅಂದ ತಕ್ಷಣ "ನಿಮ್ಮ ಇಂಟರ್ನೆಟ್ ಪರೀಕ್ಷಿಸಿ" ಅಂತ ಬಳಕೆದಾರರ ಮೇಲೆ ಹಾಕೋದು ನ್ಯಾಯ ಅಲ್ಲ.

ಕಾರ್ಸ್ ತಪ್ಪಿಸೋಕೆ ಅಂತ ಯಾರೋ ನಡೆಸೋ ಬಿಟ್ಟಿ ಪ್ರಾಕ್ಸಿ, ಅಂದ್ರೆ ನಡುವಿನ ಸರ್ವರ್, ಮೂಲಕ ಡೇಟಾ ಹಾಯಿಸೋದೂ ರೂಢಿಯಲ್ಲಿದೆ, ಅದು ಇನ್ನೂ ಅಪಾಯ, ಪಾಸ್‌ವರ್ಡ್ ಟೋಕನ್ ಎಲ್ಲ ಆ ಗೊತ್ತಿಲ್ಲದವರ ಕೈಯಿಂದ ದಾಟಿ ಹೋಗತ್ತೆ. ಬೇಕಾದ್ರೆ ನಮ್ಮದೇ ಸರ್ವರ್‌ನಿಂದ ಆ ಡೇಟಾ ತಂದು ನಮ್ಮ ಪುಟಕ್ಕೆ ಕೊಡಬಹುದು, ಸರ್ವರ್‌ನಿಂದ ಸರ್ವರ್‌ಗೆ ಹೋಗೋ ರಿಕ್ವೆಸ್ಟ್‌ಗೆ ಕಾರ್ಸ್ ಅಡ್ಡ ಬರಲ್ಲ. ಎಪಿಐ ಕೀ, ಅಂದ್ರೆ ಡೇಟಾ ಕೊಡೋರು ನಮಗೆ ಕೊಟ್ಟ ಗುಟ್ಟಿನ ಸಂಕೇತ, ಇದ್ರೆ ಅದೂ ಅಲ್ಲೇ ಇರ್ಬೇಕು. ಬ್ರೌಸರ್‌ಗೆ ಕಳಿಸಿದ ಜಾವಾಸ್ಕ್ರಿಪ್ಟ್‌ನಲ್ಲಿ ಗುಟ್ಟು ಅನ್ನೋದು ಇರೋಕೆ ಸಾಧ್ಯವೇ ಇಲ್ಲ, ನೆಟ್‌ವರ್ಕ್ ಟ್ಯಾಬ್ ತೆಗೆದ್ರೆ ಎಲ್ಲಾರಿಗೂ ಕಾಣತ್ತೆ. ನಿಮ್ಮ ಮಾದರಿ ಕೋಡ್‌ನಲ್ಲಿ ಕೀಯನ್ನ ವಿಳಾಸದೊಳಗೇ ಬರೆದು ತೋರಿಸಿದ್ರಿ, ಅದು ಕಾಲ್ಪನಿಕ ಕೀ ಅಂತ ನನಗೆ ಗೊತ್ತು, ಆದ್ರೆ ಓದೋರು ಆ ಜಾಗದಲ್ಲಿ ತಮ್ಮ ನಿಜವಾದ ಕೀ ಹಾಕ್ತಾರೆ.

ವಿಳಾಸ ಅಂದಾಗ ನೆನಪಾಯ್ತು, ಕನ್ನಡ ಪದಗಳನ್ನ ವಿಳಾಸದಲ್ಲಿ ಸೇರಿಸೋದು. ಹುಡುಕಬೇಕಾದ ಪದವನ್ನ ಪ್ಲಸ್ ಹಾಕಿ ವಿಳಾಸಕ್ಕೆ ಅಂಟಿಸಿದ್ರೆ ಸುಮಾರು ಸಲ ನಡೆಯತ್ತೆ, ಆ ಪದದಲ್ಲಿ ಆಂಪರ್ಸಂಡ್ ಅಥವಾ ಹ್ಯಾಶ್ ಚಿಹ್ನೆ ಬಂದ ದಿನ ಅರ್ಧ ವಿಳಾಸ ಕಳೆದುಹೋಗತ್ತೆ. ಯುಆರ್‌ಎಲ್ ಸರ್ಚ್ ಪ್ಯಾರಾಮ್ಸ್ ಬಳಸಿದ್ರೆ ಆ ತಲೆನೋವೇ ಇಲ್ಲ, ಎಲ್ಲಾನೂ ಅದೇ ಎನ್‌ಕೋಡ್ ಮಾಡತ್ತೆ. ಅಕ್ಷರಗಳನ್ನ ಬೈಟ್‌ಗಳಾಗಿ ಬರೆದಿಡೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ವಿಳಾಸದಲ್ಲಿ ಪ್ರತಿ ಬೈಟೂ ಪರ್ಸೆಂಟ್ ಚಿಹ್ನೆ ಸೇರಿ 3 ಅಕ್ಷರ ಆಗತ್ತೆ. ಕನ್ನಡ ಅನ್ನೋ ಪದದಲ್ಲಿ ಒತ್ತಕ್ಷರದ ಹಲಂತ ಸೇರಿ 5 ಸಂಕೇತ, ಅಂದ್ರೆ 15 ಬೈಟ್, ವಿಳಾಸದಲ್ಲಿ 45 ಅಕ್ಷರ. ಉದ್ದ ವಾಕ್ಯಗಳನ್ನ ಗೆಟ್‌ನಲ್ಲಿ ಕಳಿಸೋ ಮುಂಚೆ ಈ ಲೆಕ್ಕ ತಲೇಲಿರ್ಬೇಕು, ಸರ್ವರ್‌ಗಳು ತೀರ ಉದ್ದದ ವಿಳಾಸ ಒಪ್ಪಲ್ಲ.

ಹಾಗೇ ದೊಡ್ಡ ಉತ್ತರವನ್ನ ಪೂರ್ತಿ ಬರೋ ತನಕ ಕಾಯದೆ ತುಂಡು ತುಂಡಾಗಿ ಓದೋವಾಗ, ತುಂಡು ಎಲ್ಲಿ ಮುರೀಬೇಕು ಅನ್ನೋದು ಬೈಟ್ ಲೆಕ್ಕ, ಅಕ್ಷರದ ಲೆಕ್ಕ ಅಲ್ಲ. 3 ಬೈಟ್‌ನಲ್ಲಿ ಒಂದು ಈ ತುಂಡಿನ ಕೊನೆಗೆ, ಎರಡು ಮುಂದಿನ ತುಂಡಿನ ಮೊದಲಿಗೆ ಬಂದ್ರೆ ಒಂದೊಂದು ತುಂಡನ್ನೂ ಬೇರೆ ಬೇರೆ ಡಿಕೋಡ್ ಮಾಡಿದವರಿಗೆ ಅಕ್ಷರದ ಬದಲು ಪ್ರಶ್ನೆ ಚಿಹ್ನೆ ಇರೋ ಕಪ್ಪು ವಜ್ರ ಸಿಗತ್ತೆ. ಟೆಕ್ಸ್ಟ್ ಡಿಕೋಡರ್‌ಗೆ ಸ್ಟ್ರೀಮ್ ಟ್ರೂ ಅಂತ ಹೇಳಿದ್ರೆ ಅದು ಮಿಕ್ಕ ಬೈಟನ್ನ ಮುಂದಿನ ತುಂಡಿಗೆ ಜೋಡಿಸ್ಕೊಳ್ಳತ್ತೆ. ಇಂಗ್ಲಿಷ್ ಪಠ್ಯದಲ್ಲಿ ಪರೀಕ್ಷೆ ಮಾಡೋರಿಗೆ ಈ ತಪ್ಪು ಜನ್ಮದಲ್ಲಿ ಕಾಣಲ್ಲ ಯಾಕಂದ್ರೆ ಅಲ್ಲಿ ಅಕ್ಷರಕ್ಕೆ ಒಂದೇ ಬೈಟು, ಕನ್ನಡ ಪತ್ರಿಕೆ ಬಿಟ್ರೆ ಇದನ್ನ ಇನ್ಯಾರು ಹೇಳ್ತಾರೆ.

ಸಣ್ಣದಾಗಿ ಇನ್ನೆರಡು ಮಾತು. ಬೇರೆ ಬೇರೆ ವಿಳಾಸಗಳಿಂದ ಡೇಟಾ ಬೇಕಾದಾಗ ಲೂಪ್ ಒಳಗೆ ಒಂದೊಂದಕ್ಕೇ ಅವೇಟ್ ಹಾಕಿ ಸಾಲಾಗಿ ಕಾಯಿಸೋ ಬದಲು ಎಲ್ಲಾನೂ ಒಟ್ಟಿಗೆ ಹೊರಡಿಸಿ ಪ್ರಾಮಿಸ್ ಡಾಟ್ ಆಲ್‌ನಲ್ಲಿ ಕಾಯಬಹುದು, ತಲಾ ಅರ್ಧ ಸೆಕೆಂಡಿನ 10 ರಿಕ್ವೆಸ್ಟ್ ಸಾಲಾಗಿ ಹೋದ್ರೆ 5 ಸೆಕೆಂಡ್. ಆದ್ರೆ ಆಲ್‌ನಲ್ಲಿ ಒಂದು ಸೋತ್ರೂ ಒಟ್ಟು ಪ್ರಾಮಿಸ್ಸೇ ರಿಜೆಕ್ಟ್ ಆಗತ್ತೆ, ಬಂದಷ್ಟನ್ನಾದ್ರೂ ತೋರಿಸ್ಬೇಕು ಅಂದ್ರೆ ಆಲ್ ಸೆಟಲ್ಡ್ ಇದೆ. ಮತ್ತೆ ಬೇರೆಯವರ ಸರ್ವರ್‌ಗೆ ಪದೇ ಪದೇ ಬಡಿಬಾರ್ದು. 429 ಅಂತ ಬಂದ್ರೆ ಅತಿಯಾಯ್ತು ನಿಲ್ಲಿಸು ಅಂತ ಅರ್ಥ, ರಿಟ್ರೈ ಆಫ್ಟರ್ ಹೆಡರ್ ಇದ್ರೆ ಅದರಲ್ಲಿ ಹೇಳಿದಷ್ಟು ಹೊತ್ತು ಕಾಯಬೇಕು, ಇಲ್ದಿದ್ರೆ ಪ್ರತಿ ಸಲ ಕಾಯೋ ಹೊತ್ತನ್ನ ದುಪ್ಪಟ್ಟು ಮಾಡ್ತಾ ಹೋಗ್ಬೇಕು. ಬಿದ್ದ ಸರ್ವರ್ ಏಳೋ ಹೊತ್ತಿಗೆ ಸಾವಿರಾರು ಪುಟಗಳು ಸೆಕೆಂಡಿಗೊಂದು ಸಲ ಒಟ್ಟಿಗೆ ಬಡಿದ್ರೆ ಅದು ಮತ್ತೆ ಬೀಳತ್ತೆ.

ಬಂದ ಡೇಟಾವನ್ನ, ಕೊಟ್ಟಿದ್ದನ್ನೆಲ್ಲ ಪುಟದ ಕೋಡ್ ಅಂತಲೇ ಓದೋ ಇನ್ನರ್ ಎಚ್‌ಟಿಎಂಎಲ್‌ಗೆ ಸುರಿಯೋದನ್ನೂ ಆ ಲೇಖನದಲ್ಲಿ ನೋಡಿದೆ. ಆ ಡೇಟಾ ಯಾರೋ ಬರೆದ ಕಾಮೆಂಟ್ ಆಗಿದ್ರೆ, ಅದರೊಳಗೆ ಕೆಟ್ಟ ಸ್ಕ್ರಿಪ್ಟ್ ಅಡಗಿದ್ರೆ, ನಮ್ಮ ಪುಟದಲ್ಲೇ ಅದು ಓಡಬಹುದು. ಬರೀ ಪಠ್ಯ ತೋರಿಸೋಕೆ ಟೆಕ್ಸ್ಟ್ ಕಂಟೆಂಟ್ ಇದೆ, ಅದನ್ನ ಕಲಿಸಿ.

ಸಂಪಾದಕರೇ, ಜಾಗದ ಕೊರತೆ ಇರತ್ತೆ ಅಂತ ನನಗೆ ಗೊತ್ತಿದೆ, ಮೊದಲ ಪಾಠ ಸರಳವಾಗಿರ್ಬೇಕು ಹೆದರಿಸ್ಬಾರ್ದು ಅನ್ನೋ ಬರೆದವರ ಕಾಳಜಿನೂ ಒಪ್ತೀನಿ. ಆದ್ರೆ ಸರಳ ಅನ್ನೋ ಹೆಸರಲ್ಲಿ ಓಕೆ ನೋಡೋ ಸಾಲನ್ನ ಬಿಡೋದು ಸರಿಯಲ್ಲ, ಎರಡು ಸಾಲು ಕಲಿಯೋಕೆ ಆಗೋರಿಗೆ ನಾಲ್ಕು ಸಾಲು ಕಲಿಯೋಕೂ ಆಗತ್ತೆ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್‌ಗೆ ಹೋದ್ರೆ ನೆಟ್ ನಿಧಾನ ಮಾಡೋ, ಪೂರ್ತಿ ಆಫ್‌ಲೈನ್ ಮಾಡೋ ಆಯ್ಕೆಗಳಿವೆ, ದುಡ್ಡು ಬೇಡ ಬೇರೆ ಸಾಫ್ಟ್‌ವೇರ್ ಬೇಡ. ಓದುಗರಿಗೆ ಅಭ್ಯಾಸ ಕೊಡೋವಾಗ ಡೇಟಾ ತಂದು ತೋರಿಸಿ ಅಂತ ಅಷ್ಟೇ ಹೇಳ್ಬೇಡಿ, ಅದೇ ಪುಟವನ್ನ ಆಫ್‌ಲೈನ್ ಮಾಡಿ, ನಿಧಾನ ಮಾಡಿ, ವಿಳಾಸ ತಪ್ಪಾಗಿ ಕೊಟ್ಟು ಏನು ಕಾಣತ್ತೆ ನೋಡಿ ಅಂತಾನೂ ಹೇಳಿ. ತರಗತಿಗಳಲ್ಲಿ ಪಾಠ ಮಾಡೋರೂ ಅಂಕ ಕೊಡೋ ಮುಂಚೆ ಇದೇ ರೀತಿ ಒಮ್ಮೆ ನೋಡಿದ್ರೆ ಚೆನ್ನಾಗಿರತ್ತೆ.

ನೋ ಕಾರ್ಸ್ ಬಗ್ಗೆ ಮತ್ತೆ ಪೋಸ್ಟ್ ಮೂರು ಸಲ ಕಳಿಸೋದರ ಬಗ್ಗೆ ತಿದ್ದುಪಡಿ ಮಾತ್ರ ಮುಂದಿನ ವಾರವೇ ಬರಲಿ ಅಂತ ನನ್ನ ವಿನಂತಿ, ಆ ಎರಡನ್ನ ಆಗ್ಲೇ ಯಾರೋ ಟೈಪ್ ಮಾಡಿ ಇಟ್ಕೊಂಡಿರ್ತಾರೆ. ಟೈಮ್‌ಔಟ್ ಮತ್ತೆ ಕಾರ್ಸ್‌ಗೆ ಒಂದೊಂದು ಪೂರ್ತಿ ಕಂತು ಕೊಟ್ರೂ ಹೆಚ್ಚಾಗಲ್ಲ, ಬರೆದವರಿಗೆ ಬೇಕಿದ್ರೆ ಉದಾಹರಣೆ ಕೋಡ್ ತಯಾರು ಮಾಡೋಕೆ ನಾನು ಕೈಜೋಡಿಸ್ತೀನಿ.

ಇತಿ,
ನಿಮ್ಮ ಪತ್ರಿಕೆಯ ಓದುಗ, ವೆಬ್ ಡೆವಲಪರ್